ಬೆತ್ಲೆಹೇಮಿನ ಬಾಣಂತಿಗೆ ಬಿಸಿನೀರು

ಡಿಸೆಂಬರ್ ಬಂತೆಂದರೆ ನನ್ನ ಸುತ್ತಮುತ್ತ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ನಾನು ಕರೆಯಬೇಕಾಗಿಲ್ಲ, ಅದೇ ಮನೆ ಹುಡುಕಿಕೊಂಡು ಬರುತ್ತದೆ. ನಾನು ಸರ್ಕಾರಿ ನರ್ಸು. ಹೆರಿಗೆ ಮಾಡಿಸುವುದು, ಮಕ್ಕಳಿಗೆ ಚುಚ್ಚುಮದ್ದು ಹಾಕುವುದು, ಉಳಿದ ಹೊತ್ತಿನಲ್ಲಿ ರಿಜಿಸ್ಟರ್ ತುಂಬಿಸುವುದು, ಇಷ್ಟೇ ನನ್ನ ಬದುಕು. ಮನೆಯಲ್ಲಿ ಕೊಂಕಣಿ, ಹೊರಗೆ ಕುಂದಾಪ್ರ ಕನ್ನಡ, ವರದಿಯಲ್ಲಿ ಮಾತ್ರ ಶುದ್ಧ ಕನ್ನಡ. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎನ್ನುವ ರೂಢಿ. ಹಾಗಾಗಿ ಬೈಂದೂರಿನಿಂದ ಬ್ರಹ್ಮಾವರದವರೆಗೆ ನಾನು ಎಲ್ಲರಿಗೂ ಬಾಯಮ್ಮ. ನನ್ನ ನಿಜವಾದ ಹೆಸರು ವರ್ಗಾವಣೆಯ ಆದೇಶದಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆ.

ನಕ್ಷತ್ರದ ಅಡಿ

ನನ್ನ ಮೊದಲ ಪೋಸ್ಟಿಂಗ್ ಬೈಂದೂರಿನಾಚೆಯ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರ. 1997ನೇ ಇಸವಿ. ಮದುವೆಯಾಗಿ ಆರು ತಿಂಗಳು. ನಮ್ಮ ಯಜಮಾನರು ವೈರಿಂಗ್ ಕೆಲಸದವರು, ಹೊಸ ಹೆಂಡತಿಯ ಮುಂದೆ ವಿದ್ಯೆ ತೋರಿಸುವ ಉಮೇದು ಬೇರೆ. ಡಿಸೆಂಬರ್ ಮೊದಲ ವಾರವೇ ಬಿದಿರು ಕಡ್ಡಿ, ಬಣ್ಣದ ಕಾಗದ ತಂದು ಆಳೆತ್ತರದ ಒಂದು ನಕ್ಷತ್ರ ಮಾಡಿ, ಒಳಗೆ ಬಲ್ಬಿಟ್ಟು, ಉಪಕೇಂದ್ರಕ್ಕೆ ಅಂಟಿಕೊಂಡಿದ್ದ ಕ್ವಾರ್ಟರ್ಸಿನ ಎದುರಿನ ಮಾವಿನ ಮರದ ತುದಿಗೆ ಕಟ್ಟಿದರು. ಬೀದಿದೀಪವೇ ಇಲ್ಲದ ಊರು. ಗದ್ದೆಯಾಚೆ ಮೈಲಿ ದೂರಕ್ಕೂ ಅದು ಕಾಣುತ್ತಿತ್ತು.

ಅಲ್ಲಿಯವರೆಗೆ ಉಪಕೇಂದ್ರ ಎಲ್ಲಿದೆಯೆಂದು ಅರ್ಧ ಊರಿಗೆ ಗೊತ್ತಿರಲಿಲ್ಲ. ನಕ್ಷತ್ರ ಬಂದ ಮೇಲೆ ಆ ತೊಂದರೆ ತಪ್ಪಿತು. ಬಸುರಿಯರು, ಕೆಮ್ಮಿನವರು, ಕಾಲಿಗೆ ಮುಳ್ಳು ಚುಚ್ಚಿಸಿಕೊಂಡವರು ಎಲ್ಲರೂ ಅದನ್ನೇ ನೋಡಿಕೊಂಡು ಬರತೊಡಗಿದರು. ಹಬ್ಬ ಮುಗಿದು ಇಳಿಸಲು ಹೋದರೆ ಊರಿನ ಹಿರಿಯರೊಬ್ಬರು ಬಂದು ಏಣಿ ಹಿಡಿದುಕೊಂಡುಬಿಟ್ಟರು.

"ಹ್ವಾಯ್, ಅದನ್ ಎಂತಕೆ ಇಳ್ಸ್ತ್ರಿ? ನಮ್ ಸೊಸಿಗೆ ಮಾರ್ಚಿಗೆ ಹೆರಿಗಿ. ಅಲ್ಲಿವರಿಗೆ ಇರ್ಲಿ!"

ಮಾರ್ಚಿನಲ್ಲಿ ಅವರ ಸೊಸೆ ಹೆತ್ತಳು. ಆಗ ಇನ್ನೊಬ್ಬರ ಮಗಳದ್ದು ಮೇ ತಿಂಗಳೆಂದು ಗೊತ್ತಾಯಿತು. ನಕ್ಷತ್ರ ಅಲ್ಲೇ ಉಳಿಯಿತು.

ಏಪ್ರಿಲಿನ ಒಂದು ಸಂಜೆ ನಮ್ಮ ಡಾಕ್ಟರು ತಪಾಸಣೆಗೆಂದು ಬರುವಾಗ ದಾರಿ ತಪ್ಪಿ, ಗದ್ದೆಯ ಅಂಚಿನಲ್ಲಿ ಹೋಗುತ್ತಿದ್ದವರೊಬ್ಬರನ್ನು ಕೇಳಿದರಂತೆ. ಆ ಮನುಷ್ಯ ಕೈ ಎತ್ತಿ ತೋರಿಸಿ, "ಆ ನಕ್ಷತ್ರ ಕಂಡ್ಕಂಡೇ ಹೋಯ್ನಿ. ಅದ್ರ ಅಡಿಗೆ ಒಂದ್ ತಾಯಿ, ಮಗು ಇಪ್ದ್" ಎಂದನಂತೆ. ಡಾಕ್ಟರು ಒಳಗೆ ಬಂದು ಕೂತು, ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು:

"ಸಿಸ್ಟರ್, ಈ ಅಡ್ರೆಸ್ಸನ್ನು ನಾನು ಮೊದಲೂ ಎಲ್ಲೋ ಕೇಳಿದ್ದೇನೆ."

ಎರಡು ಕೆಜಿ ಏಳುನೂರು ಗ್ರಾಂ

ಬ್ರಹ್ಮಾವರದ ಕಡೆಗೆ ವರ್ಗವಾಗುವ ಹೊತ್ತಿಗೆ ನನಗೆ ಕ್ರಿಸ್ಮಸ್ ಅಂದರೆ ಕುಸ್ವಾರ್ ಎಂದಾಗಿಬಿಟ್ಟಿತ್ತು. ಕುಸ್ವಾರ್ ಎಂದರೆ ಹಬ್ಬಕ್ಕೆ ನಾವು ಮಾಡಿ ಅಕ್ಕಪಕ್ಕದವರಿಗೆ ಹಂಚುವ ತಿಂಡಿಗಳು. ಅದರ ಜೊತೆಗೆ ಕೇಕು. ಹಗಲು ಡ್ಯೂಟಿ, ಸಂಜೆ ಎಣ್ಣೆಯ ಬಾಣಲೆ. ಯೇಸು ಸ್ವಾಮಿ ಹುಟ್ಟುವ ದಿನ ನಾನು ತೂಕಡಿಸುತ್ತಿದ್ದೆ.

ಒಂದು ವರ್ಷ ಕೇಕಿಗೆ ಮೈದಾ ತೂಗಬೇಕು, ಮನೆಯ ತಕ್ಕಡಿ ಕೆಟ್ಟು ಕೂತಿದೆ. ಕ್ವಾರ್ಟರ್ಸಿನ ಪಕ್ಕದಲ್ಲೇ ಆಸ್ಪತ್ರೆ. ಮಕ್ಕಳನ್ನು ಬಟ್ಟೆಯ ಜೋಳಿಗೆಯಲ್ಲಿಟ್ಟು ತೂಗುವ ತಕ್ಕಡಿ ಅಲ್ಲಿದೆಯಲ್ಲ. ತಪ್ಪೆಂದು ಗೊತ್ತಿತ್ತು, ಆದರೂ ಹೋದೆ. ಒಗೆದ ಬಟ್ಟೆಯಲ್ಲಿ ಮೈದಾ ಸುತ್ತಿ ತೂಗಿದರೆ ಎರಡು ಕೆಜಿ ಏಳುನೂರು. ಮರೆಯಬಾರದೆಂದು ಚೀಟಿಯಲ್ಲಿ ಬರೆದೆ. ಬರೆದವಳು ಚೀಟಿಯನ್ನು ಮೇಜಿನ ಮೇಲೆಯೇ ಮರೆತೆ. ಜೊತೆಯ ನರ್ಸು ಬಹಳ ಶಿಸ್ತಿನವಳು. ತೂಕ ಬರೆದ ಚೀಟಿ ಕಂಡದ್ದೇ ರಿಜಿಸ್ಟರಿಗೆ ಏರಿಸಿದಳು.

ಮುಂದಿನ ವಾರ ಮೇಲ್ವಿಚಾರಕರು ಬಂದರು. ಆ ಸಾಲಿನ ಮೇಲೆ ಬೆರಳಿಟ್ಟರು.

"ತಾಯಿಯ ಹೆಸರಿಲ್ಲ, ತಂದೆಯ ಹೆಸರಿಲ್ಲ. ಹೆಣ್ಣೋ ಗಂಡೋ ಬರೆದಿಲ್ಲ. ಯಾವ ಮಗು ಇದು?"

"ಸಾರ್, ಅದು ಮೈದಾ."

ಅವರು ಪೆನ್ನು ಕೆಳಗಿಟ್ಟರು. "ಈಗ ಎಲ್ಲಿದೆ?"

"ಕೇಕಾಗಿದೆ ಸಾರ್."

ಬೇರೆ ದಾರಿ ಕಾಣದೆ ಓಡಿಹೋಗಿ ಒಂದು ತುಂಡು ತಂದು ಮುಂದಿಟ್ಟೆ. ಅವರು ನಿಧಾನವಾಗಿ ತಿಂದು, ಆ ಸಾಲನ್ನು ಹೊಡೆದುಹಾಕಿ, ಗಂಭೀರವಾಗಿಯೇ ಹೇಳಿದರು: "ಬೆಳವಣಿಗೆ ಚೆನ್ನಾಗಿದೆ. ಇನ್ನೊಂದು ತುಂಡು ತನ್ನಿ."

ಯಾವ ಸರ್ಕಾರ?

ನಗುವುದೇನೋ ನಕ್ಕಿದ್ದೇನೆ. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. 2008ರಲ್ಲಿ ನಾವು ಬೀಜಾಡಿಯಲ್ಲಿ ಮನೆ ಮಾಡುವ ಹೊತ್ತಿಗೆ ನನಗೆ ಕ್ರಿಸ್ಮಸ್ ಬಂದರೆ ಖುಷಿಯೇ ಆಗುತ್ತಿರಲಿಲ್ಲ. ಚಿಕ್ಕವಳಿದ್ದಾಗ ಗೋದಲಿಯ, ಅಂದರೆ ಯೇಸು ಹುಟ್ಟಿದ ಹಟ್ಟಿಯ ಪುಟ್ಟ ಮಾದರಿಯ, ಮುಂದೆ ಕೂತರೆ ಏಳಲು ಮನಸ್ಸೇ ಬರುತ್ತಿರಲಿಲ್ಲ. ದೇವರು ನಮ್ಮ ಹಾಗೆ ಒಂದು ಮಗುವಾಗಿ ಹುಟ್ಟಿದರಂತೆ, ಹುಲ್ಲಿನ ಮೇಲೆ ಮಲಗಿದರಂತೆ ಎಂದು ಅಮ್ಮ ಹೇಳಿದರೆ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಈಗ ಹೆರಿಗೆ ಎಂದರೆ ರಿಜಿಸ್ಟರಿನಲ್ಲಿ ಒಂದು ಸಾಲು. ಬೆತ್ಲೆಹೇಮಿನದ್ದೂ ಅದರಲ್ಲೊಂದು. ಇದು ನನಗೆ ಒಳಗೊಳಗೇ ಹೆದರಿಕೆ ಹುಟ್ಟಿಸಿತ್ತು. ಯಾರಿಗೂ ಹೇಳಿರಲಿಲ್ಲ.

ಆ ವರ್ಷವೇ ನಮ್ಮ ಚರ್ಚಿನ ಫಾದರ್ ಒಂದು ಕೆಲಸ ಹಚ್ಚಿದರು. ಹೊಸ ವರ್ಷದ ಮೊದಲ ಭಾನುವಾರ, ನಕ್ಷತ್ರ ನೋಡಿಕೊಂಡು ಬಾಲಯೇಸುವನ್ನು ಕಾಣಲು ಬಂದ ಮೂವರು ರಾಯರ ಹಬ್ಬದ ದಿನ, ನಮ್ಮ ಕೇರಿಯ ಕ್ರೈಸ್ತ ಮನೆಯವರೆಲ್ಲ ನಮ್ಮಲ್ಲಿ ಪ್ರಾರ್ಥನೆಗೆ ಸೇರುವುದು, ನಾನು ಐದು ನಿಮಿಷ ಯೇಸುವಿನ ಜನನದ ಬಗ್ಗೆ ಮಾತಾಡುವುದು.

"ಬೇರೆ ಯಾರಿಗಾದರೂ ಹೇಳಿ ಫಾದರ್" ಎಂದೆ.

"ಇಡೀ ಚರ್ಚಿನಲ್ಲಿ ಇಷ್ಟು ಹೆರಿಗೆ ಮಾಡಿಸಿದವರು ನೀವೊಬ್ಬರೇ. ಆ ಒಂದು ಹೆರಿಗೆಯ ಬಗ್ಗೆ ಐದು ನಿಮಿಷ ಆಗುವುದಿಲ್ಲವಾ?" ಎಂದರು.

ಆಗುವುದಿಲ್ಲ ಎಂಬುದೇ ನಿಜವಾಗಿತ್ತು. ಹೊಸ ನೋಟುಪುಸ್ತಕ ತೆಗೆದು 'ಪ್ರಿಯರೇ' ಎಂದು ಬರೆದೆ. ಒಂದು ವಾರ ಕಳೆದರೂ ಅದರಲ್ಲಿ ಪ್ರಿಯರು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ. ಮೀನು ಮಾರುವವರು. ಅದಕ್ಕಿಂತ ಮುಖ್ಯವಾಗಿ, ಒಂದು ಕಾಲದಲ್ಲಿ ಆ ಊರಿನ ಸೂಲಗಿತ್ತಿ. ಕೇರಿಯ ಅರ್ಧ ಜನ ಅವರ ಕೈಯಲ್ಲೇ ಹುಟ್ಟಿದವರು. ನನ್ನಂಥ ನರ್ಸುಗಳು ಬಂದು, ಆಂಬುಲೆನ್ಸು ಬಂದು, ಅವರ ಕೆಲಸ ನಿಂತುಹೋಯಿತು. ಆ ಸಿಟ್ಟು ಅವರಿಗೆ ನನ್ನ ಮೇಲೆ ಚೆನ್ನಾಗಿಯೇ ಇತ್ತು. ಮೀನು ಕೊಡುವುದೂ ಗೇಟಿನ ಹೊರಗೆ ನಿಂತೇ, ಮಾತೂ ಅಷ್ಟಕ್ಕಷ್ಟೆ.

ಡಿಸೆಂಬರ್ ಹತ್ತೊಂಬತ್ತಕ್ಕೆ ಯಜಮಾನರು ಅಂಗಳದ ಚಪ್ಪರದಲ್ಲಿ ಗೋದಲಿ ಕಟ್ಟಿದರು. ಹುಲ್ಲಿನ ಮಾಡು, ಸುತ್ತ ಬಣ್ಣದ ಬಲ್ಬು, ಮರಿಯಮ್ಮ, ಜೋಸೆಫರು, ದನ, ಕತ್ತೆ, ಕುರುಬರು, ರಾಯರು. ಬಾಲಯೇಸುವನ್ನು ಮಾತ್ರ ಇಡುವುದಿಲ್ಲ. ಇಪ್ಪತ್ತನಾಲ್ಕರ ನಡುರಾತ್ರಿ ಚರ್ಚಿನ ಪೂಜೆ ಮುಗಿದ ಮೇಲೆಯೇ ಇಡುವುದು ನಮ್ಮ ಕ್ರಮ. ಅಜ್ಜಿ ಬುಟ್ಟಿ ಹೊತ್ತು ಬಂದವರು ಗೇಟು ದಾಟಿ ಒಳಗೇ ಬಂದುಬಿಟ್ಟರು. ಅದೇ ಮೊದಲು.

"ಬಾಯಮ್ಮ, ಮಗು ಎಲ್ಲಿತ್ತ್?"

"ಹುಟ್ಲಿಲ್ಲೆ ಅಜ್ಜಿ. ಇಪ್ಪತ್ನಾಕಕ್ಕೆ ಹುಟ್ಟುದ್."

"ಇನ್ನ್ ಐದೇ ದಿನವಾ? ಹಂಗಾರೆ ಹೊಟ್ಟಿ ಎಲ್ಲಿತ್ತ್?"

ನಾನು ಮರಿಯಮ್ಮನ ಪ್ರತಿಮೆ ನೋಡಿದೆ. ಕಡ್ಡಿಯ ಹಾಗಿದ್ದಳು. ಇಷ್ಟು ವರ್ಷ ಬಸುರಿಯರ ಆಂಟಿನೇಟಲ್ ಚೆಕಪ್ ಮಾಡಿದವಳು, ಇದೊಂದು ಕೇಸು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

"ಚೊಚ್ಚಲಾ?" ಎಂದು ಕೇಳಿದರು.

"ಹೌದ್."

"ಚೊಚ್ಚಲ ಹೆರಿಗಿ ತಾಯಿ ಮನ್ಯಂಗೆ ಅಲ್ದಾ ಆಯ್ಕಾದ್ದ್? ಗಂಡನ್ ಒಟ್ಟಿಗೆ ಈ ದನದ ಹಟ್ಟಿಗೆ ಎಂತಕೆ ಬಂದಳ್?"

ಆಗಿನ ಚಕ್ರವರ್ತಿ ಜನಗಣತಿ ಮಾಡಿಸಿದ್ದು, ಪ್ರತಿಯೊಬ್ಬರೂ ತಮ್ಮ ಮೂಲ ಊರಿಗೆ ಹೋಗಿಯೇ ಹೆಸರು ಬರೆಸಬೇಕಾಗಿದ್ದದ್ದು, ಜೋಸೆಫರ ಮೂಲ ಬೆತ್ಲೆಹೇಮ್ ಆಗಿದ್ದದ್ದು, ಅಲ್ಲಿ ಉಳಿಯಲು ಜಾಗ ಸಿಗದೆ ಹಟ್ಟಿ ಸೇರಿದ್ದು, ಎಲ್ಲ ಹೇಳಿದೆ.

"ಬಸ್ಸಂಗೆ ಬಂದದ್ದಾ?"

"ಬಸ್ ಎಲ್ಲಿತ್ತ್ ಅಜ್ಜಿ? ಕತ್ತೆ ಮೇಲೆ. ಮೂರ್ನಾಕ್ ದಿನದ ದಾರಿ."

ಅಜ್ಜಿ ಬುಟ್ಟಿಯನ್ನು ನೆಲಕ್ಕಿಟ್ಟರು. "ದಿನ ತುಂಬಿದ್ ಬಸ್ರಿನ ಹೆಸ್ರ್ ಬರ್ಸುಕೆ ಅಷ್ಟ್ ದೂರ ಓಡ್ಸುದಾ? ಯಾವ್ ಸರ್ಕಾರ ಅದ್?" ಎಂದು ಗುಡುಗಿ, ನನ್ನತ್ತ ತಿರುಗಿದರು. ನಾನು ಡ್ಯೂಟಿಗೆ ಹೊರಟವಳು, ಯೂನಿಫಾರ್ಮಿನಲ್ಲಿದ್ದೆ. ಕಂಕುಳಲ್ಲಿ ಪಲ್ಸ್ ಪೋಲಿಯೋ ಸರ್ವೆಯ ಪುಸ್ತಕ. ಮೇಲಿಂದ ಕೆಳಗೆ ನನ್ನನ್ನು ನೋಡಿ ಅಂದರು:

"ನೀವ್ ಸರ್ಕಾರ್ದರ್ ಎಲ್ಲ ಒಂದೇ. ಬರುಕೆ ಒಂದ್ ಪುಸ್ತಕ ಇದ್ರೆ ಸೈ."

ಗಡ್ಡದ ಸೂಲಗಿತ್ತಿ

ಮರುದಿನ ಬೆಳಿಗ್ಗೆ ಬುಟ್ಟಿಯಿಲ್ಲದೆ ಬಂದರು. ಗೋದಲಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಬೆರಳು ಮಡಿಸಿ ಎಣಿಸಿದರು.

"ಗಂಡ ಒಬ್ಬ. ಕುರಿ ಕಾವರ್ ಮೂರ್ ಜನ. ರಾಯ್ರ್ ಮೂರ್ ಜನ. ಏಳ್ ಗಂಡಸ್ರ್ ಇದ್ರ್ ಬಾಯಮ್ಮ, ಹೆಂಗ್ಸ್ ಒಬ್ಳೂ ಇಲ್ಲೆ. ಹೆರಿಗಿ ಮಾಡ್ಸಿದ್ದ್ ಯಾರ್?"

ನಾನೂ ಒಂದೊಂದೇ ಪ್ರತಿಮೆ ನೋಡುತ್ತ ಹೋದೆ. ಅಜ್ಜಿ ಬಿಡಲಿಲ್ಲ.

"ಹೊಕ್ಳ ಬಳ್ಳಿ ಕೊಯ್ದದ್ದ್ ಯಾರ್? ಬಿಸ್ನೀರ್ ಕಾಸಿದ್ದ್ ಯಾರ್? ನೀವ್ ನರ್ಸ್ ಅಲ್ದಾ, ಕೇಣ್ಲಿಲ್ಯಾ ಇಷ್ಟ್ ವರ್ಷ?"

ಕೇಳಿರಲಿಲ್ಲ. ದೇವರಾಣೆ, ಒಂದು ಸಲವೂ ಕೇಳಿರಲಿಲ್ಲ. ಒಳಗೆ ಹೋಗಿ ಬೈಬಲ್ ತೆರೆದೆ. ಮಗುವನ್ನು ಬಟ್ಟೆಯಲ್ಲಿ ಸುತ್ತಿ, ದನಗಳ ಮೇವಿನ ಗೋದಲಿಯಲ್ಲಿ ಮಲಗಿಸಿದವಳು ಹೆತ್ತ ತಾಯಿಯೇ ಎಂದು ಅಲ್ಲಿ ಬರೆದಿದೆ. ನೂರು ಸಲ ಓದಿದ ಮಾತು. ಆದರೆ ಆಗಷ್ಟೇ ಹೆತ್ತವಳ ಕೈಯಲ್ಲಿ ಎಷ್ಟು ಬಲ ಉಳಿದಿರುತ್ತದೆಂದು ನನಗಲ್ಲದೆ ಇನ್ನಾರಿಗೆ ಗೊತ್ತು? ನೀರಿನ ಲೋಟ ಹಿಡಿಯಲೂ ಆಗುವುದಿಲ್ಲ. ಅಂಥವಳು ತಾನೇ ಸುತ್ತಿದಳು ಅಂದರೆ, ಬಹುಶಃ ಸುತ್ತಿಕೊಡಲು ಇನ್ನೊಬ್ಬ ಹೆಂಗಸೇ ಅಲ್ಲಿರಲಿಲ್ಲ. ನಮ್ಮ ಉಪಕೇಂದ್ರದಲ್ಲಿರುವ ಕತ್ತರಿ, ಹತ್ತಿ, ಕುದಿಸಿದ ನೀರು, ಏನೂ ಇರಲಿಲ್ಲ. ಲೋಕವನ್ನು ಸೃಷ್ಟಿಸಿದ ದೇವರು ಹಾಗೆ ಬಂದರು, ಕೈಯಿಂದ ಜಾರುವಷ್ಟು ಚಿಕ್ಕವರಾಗಿ, ಒದ್ದೆಯಾಗಿ, ಅಳುತ್ತ. ಮೈ ಜುಮ್ಮೆಂದಿತು. ಚಿಕ್ಕವಳ ಹಾಗೆ ಬಾಯಿ ಬಿಟ್ಟುಕೊಂಡು ಆ ಸಾಲನ್ನು ಇನ್ನೊಮ್ಮೆ ಓದಿದೆ.

ಅಜ್ಜಿಗೆ ಇದೆಲ್ಲ ಬೇಕಿರಲಿಲ್ಲ. ಅವರಿಗೆ ವ್ಯವಸ್ಥೆ ಆಗಬೇಕಿತ್ತು. ಮಧ್ಯಾಹ್ನದೊಳಗೆ ಒಂದು ತಂಬಿಗೆ ಬಿಸಿನೀರು, ಕೊಬ್ಬರಿ ಎಣ್ಣೆ, ಮಗುವಿನ ಮೈಗೆ ಮೆತ್ತಗಾಗಲೆಂದು ಹಳೆಯ ಹತ್ತಿ ಸೀರೆಯ ತುಂಡು, ಬಾಣಂತಿಗೆ ಹಾಲಿಳಿಯಲೆಂದು ಎರಡು ಸಣ್ಣ ತಾಟೆ ಮೀನು, ಎಲ್ಲ ಗೋದಲಿಯ ಮುಂದೆ ಬಂದವು. ಮೀನನ್ನು ಮರಿಯಮ್ಮನ ಪರವಾಗಿ ನಮ್ಮ ಯಜಮಾನರು ಸಾರು ಮಾಡಿಸಿಕೊಂಡು ಉಂಡರು.

"ಹೆಂಗ್ಸ್ ಒಂದ್ ಬೇಕೇ ಬೇಕ್" ಎಂದು ಅಜ್ಜಿ ಹಟ ಹಿಡಿದರು. ಕೋಟೇಶ್ವರದ ಪೇಟೆಯೆಲ್ಲ ಹುಡುಕಿದರೂ ಅಂಥ ಪ್ರತಿಮೆ ಸಿಗಲಿಲ್ಲ. ಕೊನೆಗೆ ಯಜಮಾನರು ಕುರುಬರಲ್ಲಿ ಒಬ್ಬನನ್ನು ಹಿಡಿದು, ನನ್ನ ಸೀರೆಯ ಚಿಂದಿ ಉಡಿಸಿ, ತಲೆಗೆ ಸೆರಗು ಹೊದಿಸಿ, ಮರಿಯಮ್ಮನ ಪಕ್ಕ ನಿಲ್ಲಿಸಿದರು. ಅಜ್ಜಿ ಹತ್ತಿರ ಹೋಗಿ ಸೆರಗು ಸರಿಸಿ ನೋಡಿದರು. ಎದೆಯವರೆಗೆ ಗಡ್ಡ.

"ಇದನ್ ಬೋಳ್ಸಿ ಮಾರಾಯ್ರೆ. ನೋವಿನಂಗೆ ಕಣ್ ಬಿಟ್ಟ್ ಕಂಡ್ರೆ ಹೆಣ್ಣ್ ಹೆದ್ರತ್ತ್."

ಹತ್ತು ದಿನದ ಅಮೆ

ಇಪ್ಪತ್ತನಾಲ್ಕರ ಪೂಜೆ ಮುಗಿಸಿ ಬಂದು ಬಾಲಯೇಸುವನ್ನು ಗೋದಲಿಯಲ್ಲಿಟ್ಟೆವು. ಬೆಳಿಗ್ಗೆ ತಟ್ಟೆ ತುಂಬ ಕುಸ್ವಾರ್ ಹಾಕಿಕೊಂಡು ಮೊದಲು ಅಜ್ಜಿಯ ಮನೆಗೇ ಹೋದೆ. ಅವರು ಜಗಲಿಯಿಂದಲೇ ಕೈ ಅಡ್ಡ ಮಾಡಿದರು.

"ಬ್ಯಾಡ ಬಾಯಮ್ಮ. ಈಗ ತಿಂಬುಕಾಗ."

"ಎಂತಕೆ ಅಜ್ಜಿ?"

"ನಿಮ್ಮನ್ಯಂಗೆ ಮಗು ಹುಟ್ಟಿದ್ದಲ್ದಾ? ಹತ್ ದಿನ ಅಮೆ."

ಅಮೆ ಅಂದರೆ ಹೆರಿಗೆಯಾದ ಮನೆಯ ಸೂತಕ. ಆ ಹತ್ತು ದಿನ ಹೊರಗಿನವರು ಆ ಮನೆಯಲ್ಲಿ ಉಣ್ಣುವುದಿಲ್ಲ. ನನಗೆ ನಗು ಬಂತು. ಗೇಟಿನವರೆಗೆ ಬರುವಷ್ಟರಲ್ಲಿ ನಗು ನಿಂತುಹೋಯಿತು. ನಾನು ವರ್ಷವೂ ಎರಡು ಸಾವಿರ ವರ್ಷದ ಹಿಂದಿನ ಒಂದು ಸುದ್ದಿಯನ್ನು ಆಚರಿಸುತ್ತಿದ್ದೆ. ಅಜ್ಜಿಯ ಲೆಕ್ಕದಲ್ಲಿ ನಿನ್ನೆ ನಮ್ಮ ಮನೆಯಲ್ಲಿ ನಿಜವಾಗಿ ಒಂದು ಮಗು ಹುಟ್ಟಿತ್ತು.

ಅಜ್ಜಿ ಹೇಳಿದ ಮೇಲೆ ಆ ಕೇರಿಯಲ್ಲಿ ಬೇರೆ ಮಾತಿಲ್ಲ. ನಮ್ಮ ಚರ್ಚಿನವರನ್ನು ಬಿಟ್ಟರೆ ಒಂದು ಮನೆಯಲ್ಲೂ ತಟ್ಟೆ ಮುಟ್ಟಲಿಲ್ಲ. ದಿನವೂ ಬೆಳಿಗ್ಗೆ ಅಜ್ಜಿ ಬೇಲಿಯಾಚೆಯಿಂದ, "ಮಗು ಹಾಲ್ ಕುಡೀತಾ? ಬಾಣಂತಿಗೆ ನಿದ್ರಿ ಬಂತಾ?" ಎಂದು ವಿಚಾರಿಸುತ್ತಿದ್ದರು. ನಾನೂ ಒಳಗೆ ಹೋಗಿ ಒಮ್ಮೆ ನೋಡಿ ಬಂದು, "ಬಂತ್ ಅಜ್ಜ್ಯೇ" ಎನ್ನುತ್ತಿದ್ದೆ. ತಮಾಷೆಗೆಂದು ಶುರುವಾದದ್ದು, ಮೂರನೇ ದಿನದಿಂದ ಕೇಳುವ ಮೊದಲೇ ಹೋಗಿ ನೋಡುವ ಹಾಗಾಯಿತು.

ಯಜಮಾನರು ಮಾತ್ರ ಐದು ಡಬ್ಬ ಕುಸ್ವಾರಿನ ನಡುವೆ ಕಾಲು ಚಾಚಿ ಕೂತು, "ಇಂಥ ಸೂತಕ ವರ್ಷಕ್ಕೆ ಎರಡಾದರೂ ಬರಬೇಕಪ್ಪ" ಎಂದು ಹಾರೈಸಿದರು.

ಮುಖ ಯಾರದ್ದು

ಭಾನುವಾರ ಬಂತು. ಸಂಜೆ ನಾಲ್ಕಕ್ಕೆ ಚಪ್ಪರದಲ್ಲಿ ಹತ್ತು ಮನೆಯವರು ಚಾಪೆ ಹಾಸಿ ಕೂತಿದ್ದಾರೆ. ಫಾದರ್ ಕುರ್ಚಿಯಲ್ಲಿ. ಪ್ರಾರ್ಥನೆ ಮುಗಿಯಿತು, ನಾನು ಎದ್ದು ನಿಂತೆ. ಹೇಳಬೇಕಾದದ್ದು ಈಗ ಎದೆ ತುಂಬ ಇತ್ತು, ಆದರೆ ಎಲ್ಲಿಂದ ಹಿಡಿಯಬೇಕೋ ತಿಳಿಯದೆ 'ಪ್ರಿಯರೇ' ಎಂದಷ್ಟೇ ಹೇಳಿದೆ. ಅಷ್ಟರಲ್ಲಿ ಗೇಟು ಕಿರ್ ಎಂದಿತು.

ಅಜ್ಜಿ. ಹಿಂದೆ ಕೇರಿಯ ನಾಲ್ಕು ಹೆಂಗಸರು. ಎಲ್ಲರೂ ಪೆಟ್ಟಿಗೆಯ ಸೀರೆ ಉಟ್ಟು ಅಬ್ಬಲಿಗೆ ಮುಡಿದಿದ್ದರು. ಒಬ್ಬರ ಕೈಯಲ್ಲಿ ಎಣ್ಣೆಯ ಬಾಟಲಿ, ಒಬ್ಬರ ಕೈಯಲ್ಲಿ ಮಗುವಿನ ಸೋಪು, ಇನ್ನೊಬ್ಬರ ಕೈಯಲ್ಲಿ ಉಲ್ಲನ್ ಟೊಪ್ಪಿ. ಅಂದಿಗೆ ಹನ್ನೊಂದನೇ ದಿನ. ಅಮೆ ಕಳೆದಿತ್ತು.

"ಮಗು ಕಾಂಬುಕೆ ಬಂದದ್" ಎಂದರು ಅಜ್ಜಿ.

ಫಾದರ್ ಕುರ್ಚಿ ಬಿಟ್ಟು ಎದ್ದರು. ನಮ್ಮವರೆಲ್ಲ ಸರಿದು ದಾರಿ ಮಾಡಿದರು. ಅಜ್ಜಿ ಗೋದಲಿಯೊಳಗೆ ಕೈ ಹಾಕಿ ಬಾಲಯೇಸುವನ್ನು ಎತ್ತಿಯೇಬಿಟ್ಟರು. ಎಡ ಅಂಗೈಯಲ್ಲಿ ಕುತ್ತಿಗೆಗೆ ಆನಿಕೆ ಕೊಟ್ಟು, ಬಲಗೈಯಲ್ಲಿ ಸೊಂಟ ಹಿಡಿದು, ಎದೆಗೊತ್ತಿಕೊಂಡು. ಗಾರೆಯ ಮಗುವಿನ ಕುತ್ತಿಗೆ ಎಲ್ಲಿ ಬಗ್ಗುತ್ತದೆ? ಆದರೂ ಅವರು ಹಿಡಿದದ್ದು ಹಾಗೆ. ನಾವೋ, ಇಷ್ಟು ವರ್ಷ ಅದನ್ನು ಪೆಟ್ಟಿಗೆಯಿಂದ ಕಾಲು ಹಿಡಿದು ಎಳೆಯುತ್ತಿದ್ದವರು. ನನ್ನ ಕಣ್ಣು ತುಂಬಿ ಬಂತು.

ಅಜ್ಜಿ ಮಗುವಿನ ಮುಖ ನೋಡಿದರು. ಬಗ್ಗಿ ಜೋಸೆಫರ ಮುಖ ನೋಡಿದರು. ಮತ್ತೆ ಮಗುವಿನ ಮುಖ ನೋಡಿದರು. ಆಮೇಲೆ ಇಡೀ ಚಪ್ಪರಕ್ಕೆ ಕೇಳುವ ಹಾಗೆ ಹೇಳಿದರು:

"ಅಪ್ಪನ್ ಮುಖ ಒಂಚೂರೂ ಇಲ್ಲೆ."

ಮಗು ಜೋಸೆಫರದ್ದಲ್ಲ, ದೇವರದ್ದು ಎಂದು ನಂಬಿ ಕೂತಿದ್ದವರು ನಾವೆಲ್ಲ. ಯಜಮಾನರು ಕೆಮ್ಮುವ ನೆಪದಲ್ಲಿ ಎದ್ದು ಹೊರಗೆ ಓಡಿದರು. ಯಾರೋ ಜಪಮಾಲೆ ಕೆಳಗೆ ಬೀಳಿಸಿದರು. ಎಲ್ಲರ ಕಣ್ಣೂ ಫಾದರ್ ಮೇಲೆ. ಅವರ ಹೆಗಲು ಕುಲುಕುತ್ತಿತ್ತು. ನಗು ತಡೆದುಕೊಂಡು, ತುಂಬ ಮರ್ಯಾದೆಯಿಂದ ಕೇಳಿದರು: "ಹೌದಮ್ಮ, ಅದು ನಮಗೂ ಗೊತ್ತಿದೆ. ಮತ್ತೆ ಯಾರ ಮುಖ ಅಂತ ಕಾಣುತ್ತದೆ ನಿಮಗೆ?"

ಅಜ್ಜಿ ಮಗುವಿನ ಮುಖವನ್ನು ಬೆಳಕಿನತ್ತ ತಿರುಗಿಸಿದರು.

"ನಾ ಹಿಡ್ದ್ ಮಕ್ಳೆಲ್ಲ ಹಿಂಗೇ ಇದ್ದೊ" ಎಂದರು. "ಎಲ್ಲವ್ಕೂ ಇದೇ ಮುಖ."

ಯಾರೂ ನಗಲಿಲ್ಲ. ನಾನು ಹಿಡಿದ ಮಕ್ಕಳೂ ಒಂದೊಂದಾಗಿ ಕಣ್ಣ ಮುಂದೆ ಬಂದವು, ಹೆಸರು ನೆನಪಿಲ್ಲದ, ತೂಕ ಮಾತ್ರ ಬರೆದಿಟ್ಟ ಅಷ್ಟೂ ಮಕ್ಕಳು. ದೇವರು ತೊಟ್ಟುಕೊಂಡು ಬಂದದ್ದು ಆ ಮುಖವನ್ನೇ. ಅದನ್ನು ಇಷ್ಟು ವರ್ಷ ನಾನು ನನ್ನ ಈ ಎರಡು ಕೈಯಲ್ಲಿ ಹಿಡಿದು, ಒರೆಸಿ, ತೂಗಿ, ಮುಂದಿನ ಕೆಲಸಕ್ಕೆ ಹೋಗಿದ್ದೆ. ಅತ್ತೆ. ಎಲ್ಲರೆದುರು, ನಾಚಿಕೆಯಿಲ್ಲದೆ, ಖುಷಿಗೆ ಅತ್ತೆ.

ಫಾದರ್ ನನ್ನತ್ತ ನೋಡಿ ಮೆಲ್ಲಗೆ, "ನಿಮ್ಮ ಐದು ನಿಮಿಷ?" ಎಂದರು.

"ಅಜ್ಜಿ ಮಾತಾಡಿಯಾಯಿತು ಫಾದರ್" ಎಂದೆ.

ಅಜ್ಜಿಗೆ ನಮ್ಮ ಕೆಮ್ಮು, ನಮ್ಮ ಅಳು ಎರಡೂ ಬೇರೆಯೇ ಆಗಿ ಅರ್ಥವಾಗಿತ್ತು. ತಾನು ಗಂಡಿನ ಕಡೆಯವರ ಮನಸ್ಸು ನೋಯಿಸಿದೆ ಎಂದುಕೊಂಡರು. ಮಗುವನ್ನು ಜೋಪಾನವಾಗಿ ಮಲಗಿಸಿ, ಟೊಪ್ಪಿ ಹಾಕಿ, ಆಮೇಲೆ ಮೊಣಕಾಲೂರಿ ಕೂತಿದ್ದ ಜೋಸೆಫರ ಬೆನ್ನು ಸವರಿ ಸಮಾಧಾನ ಹೇಳಿದರು:

"ಬೇಜಾರ್ ಮಾಡ್ಕಣ್ಬೇಡಿ ಮಾರಾಯ್ರೆ. ಮೂರ್ ತಿಂಗ್ಳ್ ಹೋಯ್ಲಿ, ಮುಖ ಬದ್ಲಾತ್ತ್."